ಜಾನ್ ವೆಸ್ಲಿಯವರು ಪರದೇಶದಲ್ಲಿ ಕಲಿತ ಪಾಠ

ಮೆಥಡಿಸ್ಟ್ ಸಭೆಯ ಮೂಲಪುರುಷರಾದ ಜಾನ್ ವೆಸ್ಲಿಯವರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಅವರ ಹೆಸರನ್ನು ಹೊತ್ತ ಮಿಷನ್ನಿನವರು 1821ರಲ್ಲಿ ಬೆಂಗಳೂರಿಗೆ ಬಂದು, ಕ್ರಮೇಣ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಸಭೆಗಳನ್ನೂ ಶಾಲೆಗಳನ್ನೂ ಸ್ಥಾಪಿಸಿದರು. ಆದರೆ ಈ ಮಹನೀಯರು ತಾವೇ ಒಮ್ಮೆ ಪರದೇಶಕ್ಕೆ ಬೋಧಕರಾಗಿ ಹೋಗಿ, ಎರಡು ವರ್ಷ ತುಂಬುವುದಕ್ಕೆ ಮೊದಲೇ ಮನಗುಂದಿ ಹಿಂದಿರುಗಿದ ಸಂಗತಿಯನ್ನು ಬಲ್ಲವರು ಕೆಲವರೇ. ಅದನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುತ್ತೇವೆ.

ವೆಸ್ಲಿಯವರು 1703ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಆಕ್ಸ್‌ಫರ್ಡಿನಲ್ಲಿ ವಿದ್ಯೆ ಕಲಿತು ಸಭಾಸೇವೆಗೆ ಅಭಿಷಿಕ್ತರಾದರು. ಅಲ್ಲಿ ತಮ್ಮ ಸಂಗಡಿಗರೊಡನೆ ಉಪವಾಸ, ಪ್ರಾರ್ಥನೆ, ವೇದಪಠನಗಳನ್ನು ತಪ್ಪದೆ ನಡಿಸುತ್ತಾ ಸೆರೆಮನೆಯಲ್ಲಿದ್ದವರನ್ನು ಸಂದರ್ಶಿಸುತ್ತಿದ್ದರು. ಇಷ್ಟಾದರೂ ಅವರ ಮನಸ್ಸಿಗೆ ಸಮಾಧಾನವಿರಲಿಲ್ಲ. ಅಮೆರಿಕದ ಜಾರ್ಜಿಯ ಎಂಬ ಹೊಸ ವಸಾಹತಿಗೆ ಬೋಧಕರು ಬೇಕೆಂದು ಕರೆ ಬಂದಾಗ, ಅಲ್ಲಿಯ ಮೂಲನಿವಾಸಿಗಳಿಗೆ ಸುವಾರ್ತೆ ಸಾರಿದರೆ ತಮ್ಮ ಆತ್ಮಕ್ಕೂ ರಕ್ಷಣೆ ದೊರಕೀತೆಂದು ನಿರೀಕ್ಷಿಸಿ, 1735ರಲ್ಲಿ ತಮ್ಮ ಚಾರ್ಲ್ಸನೊಡನೆ ಹಡಗು ಹತ್ತಿದರು.

ಅದೇ ಹಡಗಿನಲ್ಲಿ ಮೊರೇವಿಯನ್ ಸಭೆಗೆ ಸೇರಿದ 26 ಮಂದಿ ಜರ್ಮನರಿದ್ದರು. ಅವರೊಡನೆ ಮಾತನಾಡುವುದಕ್ಕಾಗಿ ವೆಸ್ಲಿಯವರು ಜರ್ಮನ್ ಭಾಷೆಯನ್ನು ಕಲಿಯತೊಡಗಿದರು. 1736ನೆಯ ಜನವರಿ 25ರಂದು, ಆ ಜರ್ಮನರು ಆರಾಧನೆ ನಡಿಸುತ್ತಿರುವಾಗ ಭಯಂಕರವಾದ ಬಿರುಗಾಳಿಯೆದ್ದು ಅಲೆಗಳು ಹಡಗಿನ ಮೇಲೆ ಬಿದ್ದವು. ದೊಡ್ಡ ಹಾಯಿ ಹರಿದುಹೋಯಿತು. ಇಂಗ್ಲಿಷರು ಭಯದಿಂದ ಕೂಗಿಕೊಂಡರು. ಜರ್ಮನರೋ ಕೀರ್ತನೆಯನ್ನು ನಿಲ್ಲಿಸಲೇ ಇಲ್ಲ. ಅವರ ಹೆಂಗಸರಿಗೂ ಮಕ್ಕಳಿಗೂ ಮರಣಭಯವಿರಲಿಲ್ಲವೆಂದು ವೆಸ್ಲಿಯವರು ವಿಚಾರಿಸಿ ತಿಳಿದುಕೊಂಡರು. ತಮಗೆ ಮಾತ್ರ ಸಾಯಲು ಅಂಜಿಕೆಯಿದ್ದುದನ್ನು ಅವರು ಕಂಡುಕೊಂಡರು.

ಜಾರ್ಜಿಯವನ್ನು ಮುಟ್ಟಿದ ಮೇಲೆ ಮೊರೇವಿಯನ್ ಹಿರಿಯರಾದ ಸ್ಪಾಂಗೆನ್‌ಬರ್ಗರು, ಯೇಸು ಕ್ರಿಸ್ತನನ್ನು ಬಲ್ಲಿರಾ ಎಂದು ಅವರನ್ನು ಕೇಳಿದರು. ಆತನು ಲೋಕರಕ್ಷಕನೆಂದು ವೆಸ್ಲಿಯವರು ಹೇಳಿದರು. ಆತನು ನಿಮ್ಮನ್ನೇ ರಕ್ಷಿಸಿದ್ದಾನೆಂದು ಬಲ್ಲಿರಾ ಎಂದು ಮರಳಿ ಕೇಳಲು, ಬಲ್ಲೆನೆಂದು ಬಾಯಲ್ಲಿ ಹೇಳಿದರೂ ಅದು ಬರಿಯ ಮಾತಾಯಿತೋ ಎಂದು ಅವರ ಹೃದಯವು ಅಳುಕಿತು.

ಮುಂದೆ ಸವಾನಾ ಪಟ್ಟಣದ ಸಭೆಯೇ ಅವರ ಪಾಲಿಗೆ ಬಂತು. ಅದನ್ನು ಬೋಧಕರಿಲ್ಲದೆ ಬಿಡಲಾಗದ ಕಾರಣ ಮೂಲನಿವಾಸಿಗಳ ನಡುವೆ ಹೋಗಿ ನೆಲಸುವ ಅವಕಾಶವು ಒದಗಲಿಲ್ಲ. ಚಾರ್ಲ್ಸನು 1736ರಲ್ಲಿಯೇ ಹಿಂದಿರುಗಿದನು. ಸಭಾನಿಯಮಗಳನ್ನು ಬಹು ಕಟ್ಟುನಿಟ್ಟಾಗಿ ನಡಿಸಿದ್ದರಿಂದ ಜನರು ಬೇಸರಗೊಂಡರು. ತಾವು ಮದುವೆಯಾಗಬೇಕೆಂದು ಯೋಚಿಸಿದ್ದ ಕನ್ಯೆಯು ಬೇರೊಬ್ಬರನ್ನು ಮದುವೆಯಾದ ಬಳಿಕ, ಅವರು ಆಕೆಗೆ ಕರ್ತನ ಭೋಜನವನ್ನು ಕೊಡದೆ ತಡೆದರು. ಇದು ಹಗೆಯಿಂದ ಮಾಡಿದ್ದೆಂದು ಅನೇಕರು ಭಾವಿಸಿದರು. ವ್ಯಾಜ್ಯವು ನ್ಯಾಯಸ್ಥಾನಕ್ಕೆ ಹೋಯಿತು. 1737ರ ಡಿಸೆಂಬರಿನಲ್ಲಿ ವೆಸ್ಲಿಯವರು ಆ ಊರನ್ನು ಬಿಟ್ಟು ಹೊರಟರು. ಇತರರನ್ನು ಮಾರ್ಪಡಿಸಲು ಹೋದ ತಾವೇ ಮಾರ್ಪಾಟು ಹೊಂದಿಲ್ಲವೆಂಬ ದುಃಖವೊಂದೇ ಆಗ ಅವರ ಸಂಗಡವಿತ್ತು.

ಪ್ರಿಯ ವಾಚಕರೇ, ಈ ಯಾತ್ರೆಯು ವ್ಯರ್ಥವಾಯಿತೆಂದು ಹೇಳಬಹುದೋ? ನಾವು ಹಾಗೆ ಎಣಿಸುವುದಿಲ್ಲ. ತನ್ನ ಪುಣ್ಯದ ಮೇಲೆ ಭರವಸವಿಟ್ಟ ಮನುಷ್ಯನನ್ನು ದೇವರು ಸಮುದ್ರದಾಚೆಗೆ ಕರೆದೊಯ್ದು ಬರಿಗೈಯವನನ್ನಾಗಿ ಮಾಡಿದನು. ಬರಿಗೈಯಲ್ಲವೇ ದಾನವನ್ನು ಹಿಡಿಯಬಲ್ಲದು! ಲಂಡನಿನಲ್ಲಿ ಪೀಟರ್ ಬೋಲರ್ ಎಂಬ ಮೊರೇವಿಯನ್ ಬೋಧಕರು, ರಕ್ಷಣೆಯು ನಂಬಿಕೆಯಿಂದಲೇ ಎಂಬುದನ್ನು ಅವರಿಗೆ ವಿವರಿಸಿದರು. 1738ನೆಯ ಮೇ 24ರ ಸಂಜೆ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದಕ್ಕೆ ವೆಸ್ಲಿಯವರು ಒಲ್ಲದ ಮನಸ್ಸಿನಿಂದ ಹೋದರು. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರರು ಬರೆದ ಮುನ್ನುಡಿಯನ್ನು ಅಲ್ಲಿ ಓದುತ್ತಿರಲು, ಕ್ರಿಸ್ತನು ತಮ್ಮ ಪಾಪಗಳನ್ನೇ ತೆಗೆದುಹಾಕಿದನೆಂಬ ನಿಶ್ಚಯವುಂಟಾಗಿ ಅವರ ಹೃದಯವು ಬೆಚ್ಚಗಾಯಿತು. ಅಂದಿನಿಂದ 1791ರಲ್ಲಿ 87 ವರ್ಷದವರಾಗಿ ತೀರಿಕೊಳ್ಳುವ ತನಕ ಅವರು ಬೈಲುಗಳಲ್ಲಿಯೂ ಗಣಿಕೆಲಸದವರ ನಡುವೆಯೂ ಆ ಕೃಪೆಯನ್ನೇ ಸಾರಿದರು.

ಹಳ್ಳಿಹಳ್ಳಿಗೆ ವಾಕ್ಯವನ್ನು ಹೊತ್ತು ನಡೆಯುವ ನಾವು, ಫಲ ಕಾಣದ ದಿನ ಎದೆಗುಂದದಿರೋಣ. ಆದರೆ ಸ್ಪಾಂಗೆನ್‌ಬರ್ಗರ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳದೆ ಬೇರೊಬ್ಬರ ಬಾಗಲಿಗೆ ಹೋಗದಿರೋಣ. ಲೋಕರಕ್ಷಕನು ನಮ್ಮ ರಕ್ಷಕನೂ ಆಗಿದ್ದಾನೋ? ಇದಕ್ಕೆ ಹೃದಯದಿಂದ ಉತ್ತರ ಕೊಡುವ ಕೃಪೆಯನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ.