ಹಲಗೆಗೆ ಸೊಂಟ ಕೊಟ್ಟ ಬಡಗಿ

ಮಂಜು ಎಂದರೆ ನನಗೆ ಗೊತ್ತಿದ್ದದ್ದು ಡಿಸೆಂಬರ್ ಬೆಳಗಿನ ಇಬ್ಬನಿ, ಬಿಟ್ಟರೆ ಮನೆಯ ಫ್ರಿಜ್ಜಿನ ಮೇಲ್ಗೂಡಿನಲ್ಲಿ ಕಟ್ಟುವ ಐಸು. ಅಂಥ ನನಗೆ ಕಳೆದ ಚಳಿಗಾಲದಲ್ಲಿ ಒಂದು ವಿಚಿತ್ರ ಕೆಲಸ ಬಂತು. ನಮ್ಮ ಹಾಸ್ಟೆಲ್‌ನ ಸೀನಿಯರ್ ಒಬ್ಬರು ಸ್ನೋಬೋರ್ಡಿಂಗ್ ಕಲಿಯಲು ಗುಲ್ಮಾರ್ಗ್‌ಗೆ ಹೊರಟಿದ್ದರು. ಬಾಡಿಗೆಗೆ ಯಾವ ಬೋರ್ಡ್ ತೆಗೆದುಕೊಂಡರೆ ಒಳ್ಳೆಯದು, ಸ್ವಲ್ಪ ಓದಿ ಹೇಳು ಎಂದರು. ಮೆಕ್ಯಾನಿಕಲ್ ಓದುವವನಿಗೆ ಬೋಲ್ಟು ಇರುವ ಎಲ್ಲ ವಸ್ತುವೂ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ.

ಎರಡು ದಿನ ಓದಿದೆ. ಓದುತ್ತ ಹೋದಂತೆ ಒಂದು ಸಂಗತಿ ತಲೆಯಲ್ಲಿ ಕೂತುಬಿಟ್ಟಿತು. ಯಾವ ಕಂಪನಿಯ ಬೋರ್ಡ್ ನೋಡಿದರೂ ಅದು ಎರಡು ತುದಿಯಲ್ಲಿ ಅಗಲ, ನಡುವೆ ಕಿರಿದು. ನೇರ ಹಲಗೆಗೆ ಸೊಂಟ ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದವನು ತಲುಪಿದ್ದು ನಾರ್ವೆಯ ಒಬ್ಬ ಬಡ ಬಡಗಿಯ ಬಳಿಗೆ. ಆತನ ಹೆಸರು ಸೋಂದ್ರೆ ನೋರ್‌ಹೈಮ್. ಆಧುನಿಕ ಸ್ಕೀಯಿಂಗ್‌ನ ಪಿತಾಮಹ ಎಂದು ಜಗತ್ತು ಕರೆಯುವ ಈ ವ್ಯಕ್ತಿ ತೀರಿಕೊಂಡು ಒಂದೂಕಾಲು ಶತಮಾನವೇ ಕಳೆದಿದೆ.

ಗೇಣಿ ಮನೆಯ ಹುಡುಗ

ಸೋಂದ್ರೆ ಹುಟ್ಟಿದ್ದು 1825ರ ಜೂನ್ 10ರಂದು, ನಾರ್ವೆಯ ಟೆಲಿಮಾರ್ಕ್ ಪ್ರಾಂತ್ಯದ ಮೋರ್ಗೆದಾಲ್ ಎಂಬ ಕಣಿವೆಯಲ್ಲಿ. ಕುಟುಂಬಕ್ಕೆ ಸ್ವಂತ ಜಮೀನಿರಲಿಲ್ಲ. ಇನ್ನೊಬ್ಬರ ಭೂಮಿಯ ಅಂಚಿನಲ್ಲಿ ಒಂದು ಸಣ್ಣ ಮರದ ಮನೆ, ಅದಕ್ಕೆ ಬದಲಾಗಿ ಒಡೆಯನ ಹೊಲದಲ್ಲಿ ದುಡಿಮೆ. ನಮ್ಮಲ್ಲಿ ಉಳುವವನೇ ಹೊಲದೊಡೆಯ ಕಾಯ್ದೆ ಬರುವ ಮೊದಲಿನ ಗೇಣಿದಾರರ ಕಥೆ ಕೇಳಿದವರಿಗೆ ಈ ಬದುಕು ಬಿಡಿಸಿ ಹೇಳಬೇಕಿಲ್ಲ. 1854ರಲ್ಲಿ ರಾನೈ ಎಂಬಾಕೆಯನ್ನು ಮದುವೆಯಾದ ಮೇಲೆಯೂ ಸಂಸಾರ ಒಂದು ಗೇಣಿ ಮನೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇತ್ತು. ಆ ಕಾಲದ ನಾರ್ವೆಯಲ್ಲಿ ಇರುವ ಜಾಗದ ಹೆಸರೇ ಮನುಷ್ಯನ ಹೆಸರಿಗೆ ಅಂಟಿಕೊಳ್ಳುತ್ತಿತ್ತು. ನೋರ್‌ಹೈಮ್ ಎಂಬುದೂ ಹಾಗೆ ಬಂದ ಹೆಸರು.

ಆ ಕಣಿವೆಯಲ್ಲಿ ಚಳಿಗಾಲ ಉದ್ದ. ಹಿಮ ಬಿದ್ದರೆ ದಾರಿಗಳು ಮುಚ್ಚುತ್ತಿದ್ದವು. ಕಾಲಿಗೆ ಕಟ್ಟಿಕೊಳ್ಳುವ ಮರದ ಹಲಗೆ, ಅಂದರೆ ಸ್ಕೀ, ಅಲ್ಲಿ ಆಟದ ಸಾಮಾನಲ್ಲ, ನಮ್ಮ ಊರಿನ ಸೈಕಲ್ಲಿನಂತೆ ದಿನಬಳಕೆಯ ವಸ್ತು. ಕಟ್ಟಿಗೆ ತರಲು, ಬೇಟೆಗೆ, ಚರ್ಚಿಗೆ, ನೆಂಟರ ಮನೆಗೆ ಎಲ್ಲಕ್ಕೂ ಅದೇ. ಆದರೆ ಸೋಂದ್ರೆಗೆ ಹಲಗೆ ಕಟ್ಟಿಕೊಂಡು ಹೋಗುವುದಕ್ಕಿಂತ ಹಾರುವುದರ ಮೇಲೆ ಕಣ್ಣು. ಮನೆಯ ಮಾಡಿನಿಂದ, ಬಂಡೆಯ ತುದಿಯಿಂದ, ಎಲ್ಲಿ ಎತ್ತರ ಸಿಕ್ಕಿತೋ ಅಲ್ಲಿಂದ ಜಿಗಿಯುತ್ತಿದ್ದ. ಮನೆಯಲ್ಲಿ ಕೆಲಸ ಬಾಕಿ ಬಿದ್ದಿದ್ದರೂ ಹಲಗೆ ಹಿಡಿದು ಗುಡ್ಡಕ್ಕೆ ಓಡುವವನು ಎಂಬ ಹೆಸರು ಊರಲ್ಲಿ ಆತನಿಗಿತ್ತು.

ತೊಂದರೆ ಇದ್ದದ್ದು ಹಲಗೆಯಲ್ಲಿ. ಆಗಿನ ಸ್ಕೀಗಳು ನೇರ, ಉದ್ದ. ಕೆಲವು ಮೂರು ಮೀಟರ್‌ವರೆಗೂ ಇರುತ್ತಿದ್ದವು. ಕಾಲನ್ನು ಹಿಡಿದಿಡಲು ಬೆರಳುಗಳ ಮೇಲೆ ಒಂದು ಪಟ್ಟಿ ಮಾತ್ರ. ಹವಾಯಿ ಚಪ್ಪಲಿ ಹಾಕಿಕೊಂಡು ಲಾಂಗ್ ಜಂಪ್ ಮಾಡಿದಂತೆ. ಸಮತಟ್ಟಾದ ನೆಲದಲ್ಲಿ ನಡೆಯಲು ಅದು ಸಾಕು. ಹಾರಿದರೆ ಹಲಗೆ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ತಿರುಗಿಸಲಂತೂ ಆಗುತ್ತಲೇ ಇರಲಿಲ್ಲ. ಹಾಗಾಗಿ ಇಳಿಜಾರಿನಲ್ಲಿ ಉದ್ದನೆಯ ಒಂದು ಕೋಲಿನ ಮೇಲೆ ಭಾರ ಹಾಕಿ, ಅದನ್ನೇ ಬ್ರೇಕಿನಂತೆ ಒತ್ತಿಕೊಂಡು ಇಳಿಯುವುದು ರೂಢಿ.

ಎರಡು ತಿದ್ದುಪಡಿ

ಸೋಂದ್ರೆ ತನ್ನ ಓಟಕ್ಕೆ ತಕ್ಕ ಹಲಗೆಯನ್ನು ತಾನೇ ಕೆತ್ತತೊಡಗಿದ. ಮುಖ್ಯವಾಗಿ ಎರಡು ಬದಲಾವಣೆ ಮಾಡಿದ.

ಮೊದಲನೆಯದು ಕಟ್ಟು. ಬಾಗುವ ಎಳೆ ಕೊಂಬೆ, ಬೇರುಗಳನ್ನು ಹಗ್ಗದಂತೆ ಹೊಸೆದು ಹಿಮ್ಮಡಿಯ ಸುತ್ತ ಬಿಗಿದ. ಈಗ ಹಿಮ್ಮಡಿ ಮೇಲೇಳಬಹುದು, ಆದರೆ ಹಲಗೆ ಕಾಲು ಬಿಟ್ಟು ಹೋಗುವುದಿಲ್ಲ. ಎರಡನೆಯದು ಆಕಾರ. ಹಲಗೆಯನ್ನು ಸುಮಾರು 2.4 ಮೀಟರ್‌ಗೆ ಇಳಿಸಿ, ನಡುವಿನ ಭಾಗವನ್ನು ಎರಡೂ ಬದಿಯಿಂದ ಕೆತ್ತಿ ಕಿರಿದು ಮಾಡಿದ. ಇದನ್ನೇ ಇಂದು ಸೈಡ್‌ಕಟ್ ಎನ್ನುತ್ತಾರೆ. ಇವೆರಡೂ ಆತನೊಬ್ಬನ ತಲೆಯಲ್ಲೇ ಮೊದಲು ಹುಟ್ಟಿದವು ಎಂದೇನಲ್ಲ. ಆ ಕಣಿವೆಯ ಹಲವು ಕೈಗಳು ಇಂಥ ಪ್ರಯೋಗ ಮಾಡುತ್ತಿದ್ದವು. ಎರಡನ್ನೂ ಕೂಡಿಸಿ, ಹದ ಮಾಡಿ, ಅದರಿಂದ ಏನು ಸಾಧ್ಯ ಎಂದು ಗುಡ್ಡದ ಮೇಲೆ ಮಾಡಿ ತೋರಿಸಿದವನು ಸೋಂದ್ರೆ.

ಸೈಡ್‌ಕಟ್ ಕೆಲಸ ಮಾಡುವ ಬಗೆ ಸರಳ. ಹಲಗೆಯನ್ನು ಒಂದು ಬದಿಗೆ ವಾಲಿಸಿ ಭಾರ ಹಾಕಿದರೆ ನಡುವಿನ ಕಿರಿದಾದ ಭಾಗ ಹಿಮಕ್ಕೆ ತಾಗುವವರೆಗೆ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಆಗ ಅದರ ಅಂಚು ಹಿಮದ ಮೇಲೆ ಒಂದು ಕಮಾನು. ಹಲಗೆ ಆ ಕಮಾನಿನ ಗುಂಟವೇ ಸಾಗುತ್ತದೆ, ಅಂದರೆ ತಿರುಗುತ್ತದೆ. ಪಿಯುಸಿಯ ವೃತ್ತದ ಲೆಕ್ಕ ನೆನಪಿದ್ದವರು ಇದನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಅಂಚಿನ ಉದ್ದದ ವರ್ಗವನ್ನು ಸೈಡ್‌ಕಟ್‌ನ ಆಳದ ಎಂಟು ಪಟ್ಟಿನಿಂದ ಭಾಗಿಸಿದರೆ ತಿರುವಿನ ತ್ರಿಜ್ಯ ಹೆಚ್ಚುಕಡಿಮೆ ಸಿಗುತ್ತದೆ. ಅಂಚು 1.2 ಮೀಟರ್, ಆಳ 20 ಮಿಲಿಮೀಟರ್ ಆದರೆ ತ್ರಿಜ್ಯ 9 ಮೀಟರ್. ಆಳವನ್ನು ಬರೀ 5 ಮಿಲಿಮೀಟರ್ ಹೆಚ್ಚಿಸಿದರೆ ಅದು 7.2 ಮೀಟರ್‌ಗೆ ಇಳಿಯುತ್ತದೆ. ಒಂದು ಪೆನ್ಸಿಲ್ಲಿನ ದಪ್ಪದಷ್ಟೂ ಇಲ್ಲದ ಮರವನ್ನು ಕೆತ್ತಿ ತೆಗೆದರೆ ಇಷ್ಟು ವ್ಯತ್ಯಾಸ! ಸೋಂದ್ರೆಗೆ ಈ ಸೂತ್ರದ ಅಗತ್ಯವಿರಲಿಲ್ಲ. ಆತ ಕೆತ್ತುತ್ತಿದ್ದ, ಇಳಿಯುತ್ತಿದ್ದ, ಬೀಳುತ್ತಿದ್ದ, ಮತ್ತೆ ಕೆತ್ತುತ್ತಿದ್ದ.

1866ರಲ್ಲಿ ಪಕ್ಕದ ಹೋಯ್‌ದಾಲ್ಸ್ಮೊದಲ್ಲಿ ಬಹುಮಾನವಿದ್ದ ಜಿಗಿತದ ಸ್ಪರ್ಧೆ ನಡೆದಾಗ ಗೆದ್ದವನು ಆತನೇ. 1868ರ ಫೆಬ್ರವರಿಯಲ್ಲಿ ರಾಜಧಾನಿ ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೊದಲ್ಲಿ, ದೊಡ್ಡ ಸ್ಪರ್ಧೆ ಏರ್ಪಟ್ಟಿತು. ಸೋಂದ್ರೆಗೆ ಆಗ 42 ವರ್ಷ. ಮೋರ್ಗೆದಾಲ್‌ನಿಂದ ಸುಮಾರು 200 ಕಿಲೋಮೀಟರ್ ದೂರ. ಸ್ಕೀ ಕಟ್ಟಿಕೊಂಡೇ ಮೂರು ದಿನದಲ್ಲಿ ಅಲ್ಲಿಗೆ ತಲುಪಿದ. ಕೋಲಿಗೆ ಜೋತುಬಿದ್ದು ಇಳಿಯುವುದನ್ನಷ್ಟೇ ನೋಡಿದ್ದ ರಾಜಧಾನಿಯ ಜನರ ಮುಂದೆ, ಹಳ್ಳಿಯ ಈ ನಡುವಯಸ್ಸಿನ ಬಡಗಿ ಕೋಲಿನ ಆಸರೆಯಿಲ್ಲದೆ ಹಾರಿ, ನೆಲಕ್ಕಿಳಿದು, ನಯವಾಗಿ ತಿರುಗಿ ನಿಂತ. ತನಗಿಂತ ಎಷ್ಟೋ ಕಿರಿಯರನ್ನು ಹಿಂದೆ ಹಾಕಿ ಮೊದಲ ಬಹುಮಾನ ಪಡೆದ. ಟೆಲಿಮಾರ್ಕ್ ತಿರುವು ಎಂಬ ಹೆಸರು ಇಂದಿಗೂ ಇದೆ. ಸ್ಲಾಲಂ ಎಂಬ ಪದವೂ ಅದೇ ಸೀಮೆಯ ಆಡುಮಾತಿನಿಂದ ಬಂದದ್ದು.

ಹಿಮವಿತ್ತು, ಗುಡ್ಡವಿರಲಿಲ್ಲ

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಚಪ್ಪಾಳೆಯಿಂದ ಒಲೆ ಉರಿಯುವುದಿಲ್ಲ. ರಾಜಧಾನಿಯಲ್ಲಿ ಗೆದ್ದವನು ಮತ್ತೆ ಅದೇ ಗೇಣಿ ಮನೆಗೆ ಮರಳಿದ. ಆತನಿಂದ ಕಲಿತ ಕಣಿವೆಯ ಹುಡುಗರು ಮುಂದೆ ಹೆಸರು ಮಾಡಿದರು. ಹೆಮ್ಮೆಸ್ಟ್‌ವೈಟ್ ಸಹೋದರರು 1881ರಲ್ಲಿ ಕ್ರಿಸ್ಟಿಯಾನಿಯಾದಲ್ಲಿ ಸ್ಕೀ ಶಾಲೆಯನ್ನೇ ತೆರೆದರು. ಗುರುವಿನ ಬಡತನ ಮಾತ್ರ ಕರಗಲಿಲ್ಲ.

ಅದು ನಾರ್ವೆಯಿಂದ ಜನ ಹಿಂಡುಹಿಂಡಾಗಿ ಅಮೆರಿಕಕ್ಕೆ ಹೊರಡುತ್ತಿದ್ದ ಕಾಲ. ಕಾಕತಾಳೀಯವೆಂದರೆ ಅಂಥ ವಲಸಿಗರ ಮೊದಲ ಹಡಗು ಹೊರಟದ್ದು ಸೋಂದ್ರೆ ಹುಟ್ಟಿದ 1825ರಲ್ಲೇ. 1884ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಆತನೂ ಹೆಂಡತಿ ಮಕ್ಕಳೊಂದಿಗೆ ಹಡಗು ಹತ್ತಿದ. ಮೊದಲು ಮಿನ್ನೆಸೋಟ, ಆಮೇಲೆ ನಾರ್ತ್ ಡಕೋಟಾ. ಅಲ್ಲಿ ಕೊನೆಗೂ ಭೂಮಿ ಸಿಕ್ಕಿತು. ಆದರೆ ಅದು ಕಣ್ಣು ಹಾಯುವವರೆಗೂ ಬಯಲು. ಹಿಮ ಬೇಕಾದಷ್ಟಿತ್ತು, ಇಳಿಯಲು ಗುಡ್ಡವಿರಲಿಲ್ಲ. ಜಗತ್ತಿಗೆ ತಿರುಗುವುದನ್ನು ಕಲಿಸಿದ ಮನುಷ್ಯ ತಿರುವೇ ಇಲ್ಲದ ನೆಲದಲ್ಲಿ ಕೊನೆಯ ವರ್ಷಗಳನ್ನು ಕಳೆದ. ಆದರೂ ಮನೆ ಬಾಗಿಲ ಬಳಿ ಒಂದು ಜೊತೆ ಸ್ಕೀ ಯಾವಾಗಲೂ ನಿಂತಿರುತ್ತಿತ್ತು ಎಂಬ ಮಾತಿದೆ. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

1897ರ ಮಾರ್ಚ್ 9ರಂದು ಸೋಂದ್ರೆ ತೀರಿಕೊಂಡ. ಡೆನ್‌ಬಿ ಎಂಬ ಊರಿನ ಹತ್ತಿರದ ಚರ್ಚಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ಸಮಾಧಿಯ ಮೇಲೆ ಹಲವು ದಶಕ ಹೆಸರಿನ ಕಲ್ಲೂ ಇರಲಿಲ್ಲ.

ಹೆಸರು ಮರಳಿ ಬಂದದ್ದು ಬೆಂಕಿಯ ರೂಪದಲ್ಲಿ. 1952ರಲ್ಲಿ ಓಸ್ಲೊದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಜ್ಯೋತಿ ಹೊತ್ತಿಸಿದ್ದು ಗ್ರೀಸ್‌ನಲ್ಲಲ್ಲ, ಮೋರ್ಗೆದಾಲ್‌ನಲ್ಲಿ ಸೋಂದ್ರೆ ಹುಟ್ಟಿದ ಆ ಪುಟ್ಟ ಮನೆಯ ಒಲೆಯಲ್ಲಿ. ಹೊತ್ತಿಸಿದವರು ಅದೇ ಊರಿನ ಓಲಾವ್ ಬ್ಯೋಲಾನ್. 1911ರಲ್ಲಿ ಅಮುಂಡ್ಸೆನ್ ಜೊತೆ ದಕ್ಷಿಣ ಧ್ರುವ ಮುಟ್ಟಿದ ಐವರಲ್ಲಿ ಒಬ್ಬರು, ಆ ಯಾತ್ರೆಯ ಜಾರುಬಂಡಿಗಳನ್ನು ಕೀಸುಳಿ ಹಿಡಿದು ಕೆತ್ತಿ ಹಗುರ ಮಾಡಿದ ಬಡಗಿ. 94 ಮಂದಿ ಸ್ಕೀ ಕಟ್ಟಿಕೊಂಡು ಆ ಜ್ಯೋತಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಓಸ್ಲೊಗೆ ಒಯ್ದರು. 1960ರ ಅಮೆರಿಕದ ಒಲಿಂಪಿಕ್ಸ್‌ಗೂ ಜ್ಯೋತಿ ಹೊರಟದ್ದು ಅಲ್ಲಿಂದಲೇ.

ಸೀನಿಯರ್‌ಗೆ ಕೊಟ್ಟ ಉತ್ತರ

ಸ್ನೋಬೋರ್ಡ್‌ಗೂ ಈತನಿಗೂ ಏನು ಸಂಬಂಧ ಎನ್ನಬಹುದು. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪೆನ್ ಎಂಬ ಎಂಜಿನಿಯರ್ ಮಗಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಕಟ್ಟಿದರು. ಸ್ನೋಬೋರ್ಡ್‌ನ ಮೂಲ ಅದು. ಅದರಲ್ಲಿ ಕಾಲಿಗೆ ಕಟ್ಟೇ ಇರಲಿಲ್ಲ. ಮುಂದೆ ಜೇಕ್ ಬರ್ಟನ್ ಕಾರ್ಪೆಂಟರ್ ತನ್ನ ಬೋರ್ಡಿಗೆ ಕಟ್ಟು ಹಾಕಿಕೊಂಡು 1979ರಲ್ಲಿ ಸ್ಪರ್ಧೆಗೆ ಬಂದಾಗ ಕೆಲವರು ಆಕ್ಷೇಪಿಸಿದರು. ಆತನಿಗಾಗಿ ಬೇರೆ ವಿಭಾಗವನ್ನೇ ಮಾಡಬೇಕಾಯಿತು. ನೂರು ವರ್ಷ ಮೊದಲು ಮೋರ್ಗೆದಾಲ್‌ನಲ್ಲಿ ಬಿಡಿಸಿದ್ದ ಅದೇ ಒಗಟು, ಅದೇ ಉತ್ತರ: ಕಾಲಿಗೂ ಹಲಗೆಗೂ ಗಟ್ಟಿ ನಂಟು ಬೇಕು.

ಬೋರ್ಡ್ ಆರಿಸುವಾಗಲೂ ಸೋಂದ್ರೆ ಕೇಳಿಕೊಂಡ ಪ್ರಶ್ನೆಯನ್ನೇ ಕೇಳಿಕೊಳ್ಳಬೇಕು. ನಾನು ಹೇಗೆ ಇಳಿಯುವವನು? ಹಾರುವುದು, ಗಿರಕಿ ಹೊಡೆಯುವುದು ಇಷ್ಟವಿದ್ದರೆ ಎರಡು ತುದಿಯೂ ಒಂದೇ ಥರ ಇರುವ, ಸುಲಭವಾಗಿ ಬಾಗುವ, ತುಸು ಗಿಡ್ಡ ಬೋರ್ಡ್. ಅದು ಹಿಂದುಮುಂದಾಗಿಯೂ ಅಷ್ಟೇ ಚೆನ್ನಾಗಿ ಓಡುತ್ತದೆ. ವೇಗವಾಗಿ ದೊಡ್ಡ ಇಳಿಜಾರು ಇಳಿಯಬೇಕೆಂದರೆ ಉದ್ದದ, ಬಿಗಿಯಾದ, ದೊಡ್ಡ ತ್ರಿಜ್ಯದ ಬೋರ್ಡ್. ಆಳವಾದ ಪುಡಿಹಿಮದಲ್ಲಿ ತೇಲಬೇಕೆಂದರೆ ಅಗಲ ಮೂತಿಯ, ಮುಂದೆ ಮೇಲಕ್ಕೆ ಬಾಗಿದ ಬೋರ್ಡ್. ಬೂಟು ದೊಡ್ಡದಿದ್ದು ಬೋರ್ಡಿನ ಸೊಂಟ ಕಿರಿದಾದರೆ ತಿರುಗುವಾಗ ಬೆರಳ ತುದಿ ಹಿಮಕ್ಕೆ ಉಜ್ಜಿ ಬೀಳಿಸುತ್ತದೆ. ಹೊಸಬರಿಗೆ ಮೆತ್ತಗೆ ಬಾಗುವ, ನಿಲ್ಲಿಸಿದರೆ ಗದ್ದದಿಂದ ಮೂಗಿನ ನಡುವೆ ಬರುವಷ್ಟು ಎತ್ತರದ ಬೋರ್ಡ್ ಸಾಕು. ತೂಕ ಹೆಚ್ಚಿದ್ದರೆ ತುಸು ಉದ್ದ, ಕಡಿಮೆ ಇದ್ದರೆ ತುಸು ಗಿಡ್ಡ. ಸೀನಿಯರ್‌ಗೆ ನಾನು ಹೇಳಿದ್ದೂ ಇದನ್ನೇ. ಅವರು ಹೋಗಿ, ಚೆನ್ನಾಗಿ ಬಿದ್ದು, ಕಲಿತು, ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ನಗುತ್ತ ಮರಳಿದರು.

ಎಸ್ಸೆಸ್ಸೆಲ್ಸಿ ರಜೆಯಲ್ಲಿ ನಾನು ಅಪ್ಪನನ್ನು ಕಾಡಿ ಒಂದು ಕ್ರಿಕೆಟ್ ಬ್ಯಾಟ್ ಕೊಡಿಸಿಕೊಂಡಿದ್ದೆ. ನೆಚ್ಚಿನ ಆಟಗಾರ ಭಾರದ ಬ್ಯಾಟ್ ಬೀಸುತ್ತಾನೆಂದು ನನಗೂ ಅಷ್ಟೇ ಭಾರದ್ದು ಬೇಕಿತ್ತು. ನನ್ನ ಮಣಿಕಟ್ಟಿಗೆ ಅದು ಏಳಲೇ ಇಲ್ಲ. ಆ ಬೇಸಿಗೆ ಪೂರ್ತಿ ಬೌಲ್ಡ್ ಆಗಿದ್ದೇ ಬಂತು. ಬ್ಯಾಟ್ ಇನ್ನೂ ಅಟ್ಟದ ಮೇಲಿದೆ. ಈಗ ಪ್ಲೇಸ್‌ಮೆಂಟ್ ಹೊತ್ತಿನಲ್ಲಿ ನಮ್ಮ ತರಗತಿಯಲ್ಲಿ ನಡೆಯುತ್ತಿರುವುದೂ ಬಹುಪಾಲು ಅದೇ. ಯಾರೋ ಗೆದ್ದ ಕೋರ್ಸು, ಯಾರಿಗೋ ಹೊಂದಿದ ಕೆಲಸ, ಎಲ್ಲರಿಗೂ ಅದೇ ಅಳತೆ. ಸೋಂದ್ರೆಯ ಬದುಕು ಇದಕ್ಕೆ ಸುಲಭದ ಔಷಧ ಕೊಡುವುದಿಲ್ಲ. ತನಗೆ ತಕ್ಕ ಹಲಗೆ ಕೆತ್ತಿಕೊಂಡವನಿಗೂ ಹೊಟ್ಟೆಪಾಡಿಗಾಗಿ ಗುಡ್ಡ ಬಿಟ್ಟು ಬಯಲಿಗೆ ಹೋಗಬೇಕಾಯಿತು. ನಮ್ಮಲ್ಲಿ ಅನೇಕರಿಗೂ ಹಾಗೆ ಹೋಗಬೇಕಾಗಿ ಬರಬಹುದು. ಮನೆಯ ಸಾಲ, ತಂಗಿಯ ಓದು ಯಾರನ್ನೂ ಕಾಯುವುದಿಲ್ಲ.

ಆದರೆ ಆತ ಸ್ಕೀ ಮಾರಲಿಲ್ಲ, ಸುಡಲಿಲ್ಲ. ಬಾಗಿಲ ಬಳಿ ನಿಲ್ಲಿಸಿದ. ಬಯಲಿನಲ್ಲಿ ಕೆಲಸ ಸಿಕ್ಕಿದರೂ ಸರಿ, ನಮ್ಮ ಹಲಗೆ ಬಾಗಿಲ ಬಳಿ ಇರಲಿ. ಮುಂದಿನ ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಬ್ಯಾಟನ್ನು ಬಡಗಿಯ ಹತ್ತಿರ ಒಯ್ದು ಬೆನ್ನಿನ ಕಡೆ ಒಂದಿಷ್ಟು ಕೀಸಿಸಿ ಹಗುರ ಮಾಡಿಸಬೇಕು ಅಂದುಕೊಂಡಿದ್ದೇನೆ.