ಲೈಬ್ರರಿಯಲ್ಲಿ ಇಲ್ಲದ ಕಂಬ

ಮನೆ ಡಿಸೈನ್ ಮಾಡೋ ಯಾವ ಸಾಫ್ಟ್‌ವೇರ್ ತೆರೆದ್ರೂ ಮೆಟ್ಟಿಲು ಹಾಕೋದು ಎರಡು ಕ್ಲಿಕ್ ಕೆಲಸ. ರೇಲಿಂಗ್ ಕೂಡ ತಾನಾಗೇ ಬರುತ್ತೆ. ಆದರೆ ರೇಲಿಂಗ್‌ನ ಆ ಸಣ್ಣ ಕಂಬಗಳು, ಅಂದ್ರೆ ಬ್ಯಾಲಸ್ಟರ್‌ಗಳು, ಯಾವ ಊರಿನವು ಅಂತ ಕೇಳಿದ್ರೆ ಉತ್ತರ ಇಲ್ಲ. ನಮ್ಮ ಕಡೆ ಹಳೇ ಮನೆಗಳಲ್ಲಿ ನೋಡಿದ ಆಕಾರ ಬೇಕು ಅಂದ್ರೆ ಅದು ಲೈಬ್ರರಿಯಲ್ಲಿ ಇರಲ್ಲ, ನಾವೇ ಮಾಡ್ಬೇಕು. ಕಂಬದ ಅರ್ಧ ಅಂಚನ್ನು ಗೆರೆಯಾಗಿ ಬರೆದು, ನಡುವಿನ ಅಕ್ಷದ ಸುತ್ತ ರಿವಾಲ್ವ್ ಮಾಡ್ಬೇಕು. ತ್ರೀಡಿ ಮ್ಯಾಕ್ಸ್‌ನಲ್ಲಿ ಇದೇ ಕೆಲಸಕ್ಕೆ ಇರೋ ಹೆಸರು ಲೇತ್. ಚನ್ನಪಟ್ಟಣದಲ್ಲಿ ಹಾಲೆಮರದ ತುಂಡನ್ನು ತಿರುಗಿಸ್ತಾ ಉಳಿ ಹಿಡಿದು ಬೊಂಬೆ ಮಾಡುವವರ ಯಂತ್ರವೂ ಲೇತೇ. ಆಮೇಲೆ ಮೆಟ್ಟಿಲ ಇಳಿಜಾರಿಗೆ ತಕ್ಕಂತೆ ಕಂಬಗಳನ್ನ ಜೋಡಿಸ್ಬೇಕು, ಮಗುವಿನ ತಲೆ ತೂರದಷ್ಟು ಅಂತರ ಇಡ್ಬೇಕು. ಒಂದು ಸಂಜೆ ಹೋಗುತ್ತೆ.

ಇಷ್ಟು ಕಷ್ಟ ಯಾಕೆ, ರೆಡಿ ಇರೋದನ್ನೇ ಹಾಕಿದ್ರೆ ಆಗಲ್ವಾ? ಈ ಪ್ರಶ್ನೆಯನ್ನ ಸುಮಾರು 70 ವರ್ಷದ ಹಿಂದೆ, ನಮಗಿಂತ ತುಂಬಾ ದೊಡ್ಡ ಮೆಟ್ಟಿಲಿನ ಮುಂದೆ ನಿಂತು ಎದುರಿಸಿದವರು ರಾಮನಗರದ ಕಡೆಯವರು: ಕೆಂಗಲ್ ಹನುಮಂತಯ್ಯ.

ಹನುಮಂತಯ್ಯನವರು ಹುಟ್ಟಿದ್ದು 1908ರಲ್ಲಿ, ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯ ಒಕ್ಕಲು ಮನೆತನದಲ್ಲಿ. ಕೆಂಗಲ್ ಅನ್ನೋದು ರಾಮನಗರ ಮತ್ತು ಚನ್ನಪಟ್ಟಣದ ನಡುವೆ, ಮೈಸೂರು ರಸ್ತೆಯಲ್ಲಿ ಆಂಜನೇಯನ ಗುಡಿ ಇರುವ ಜಾಗ. ಕೆಂಪು ಕಲ್ಲು ಅಂತ ಅದರ ಅರ್ಥ. ಆ ಹೆಸರು ಅವರ ಜೊತೆಗೇ ಉಳೀತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ಓದಿ ವಕೀಲರಾದರು. ಆದರೆ ಕೋರ್ಟಿಗಿಂತ ಕಾಂಗ್ರೆಸ್ಸು ಅವರನ್ನ ಹೆಚ್ಚು ಎಳೀತು. ಸ್ವಾತಂತ್ರ್ಯ ಹೋರಾಟದಲ್ಲಿ ಹಲವು ಸಲ ಜೈಲಿಗೆ ಹೋದರು. ಸಂವಿಧಾನ ರಚನಾ ಸಭೆಯಲ್ಲೂ ಸದಸ್ಯರಾಗಿದ್ದರು.

1952ರ ಮಾರ್ಚ್‌ನಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದಾಗ ಅವರ ವಯಸ್ಸು 44. ಆ ಹೊತ್ತಿಗೆ ಶಾಸಕಾಂಗಕ್ಕೆ ಹೊಸ ಕಟ್ಟಡದ ಕೆಲಸ ಶುರುವಾಗಿತ್ತು. ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದಾಗ, 1951ರ ಜುಲೈ 13ರಂದು, ನೆಹರೂ ಅಡಿಗಲ್ಲು ಹಾಕಿದ್ದರು. ಆಗ ಇದ್ದದ್ದು ಸರಳವಾದ ಪ್ಲಾನ್. ಅದರಂತೆ ಕಟ್ಟಿದ್ರೆ ಯಾರೂ ಏನೂ ಕೇಳ್ತಿರಲಿಲ್ಲ.

ರಷ್ಯಾದಿಂದ ಬಂದ ಅತಿಥಿಗಳು ಬೆಂಗಳೂರು ಸುತ್ತಿ, ಇಲ್ಲಿ ಎಲ್ಲಾ ಯುರೋಪಿನ ಕಟ್ಟಡಗಳೇ ಇವೆ, ನಿಮ್ಮದೇ ಶೈಲಿ ಇಲ್ಲವಾ ಅಂತ ಹನುಮಂತಯ್ಯನವರನ್ನ ಕೇಳಿದ್ರು ಅನ್ನೋ ಕತೆ ಇದೆ. ಕತೆ ಹೇಗಾದರೂ ಇರಲಿ, ಕಟ್ಟಡ ಏಳಬೇಕಿದ್ದ ಜಾಗದ ಎದುರಿಗೇ 1868ರ ಅಠಾರಾ ಕಚೇರಿ, ಗ್ರೀಕ್-ರೋಮನ್ ಕಂಬಗಳ ಸಾಲು ಹೊತ್ತು ನಿಂತಿತ್ತು. ಹನುಮಂತಯ್ಯನವರು ಪ್ಲಾನ್ ಬದಲಾಯಿಸಿದರು. ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ಜೊತೆ ಸೇರಿ, ನಮ್ಮ ದೇವಸ್ಥಾನಗಳ ಕಂಬ, ಬೋದಿಗೆ, ಗೋಪುರದ ಗುಣ ಇರುವ ಕಟ್ಟಡ ಬೇಕು ಅಂತ ಹಠ ಹಿಡಿದರು.

ಹಾಗೆ ಎದ್ದದ್ದು ಸುಮಾರು 700 ಅಡಿ ಉದ್ದ, 350 ಅಡಿ ಅಗಲದ ವಿಧಾನಸೌಧ. ಪೂರ್ವ ದಿಕ್ಕಿನಲ್ಲಿ 40 ಅಡಿ ಎತ್ತರದ 12 ಕಲ್ಲುಕಂಬ, ಅವುಗಳ ಮುಂದೆ 200 ಅಡಿಗೂ ಹೆಚ್ಚು ಅಗಲದ 45 ಮೆಟ್ಟಿಲು. ಮಲ್ಲಸಂದ್ರ, ಹೆಸರಘಟ್ಟದ ಸುತ್ತಿನಿಂದ ಗ್ರಾನೈಟ್ ಬಂತು. ಅಲಂಕಾರಕ್ಕೆ ತುರುವೇಕೆರೆಯ ಕಪ್ಪು ಕಲ್ಲು, ಜೊತೆಗೆ ನಮ್ಮ ಮಾಗಡಿಯ ಗುಲಾಬಿ ಕಲ್ಲು. ನಾವು ಒಂದು ಕಂಬ ಮಾಡಿ ಕಾಪಿ-ಪೇಸ್ಟ್ ಮಾಡ್ತೀವಿ. ಅಲ್ಲಿ ಒಂದೊಂದನ್ನೂ ಉಳಿಯಿಂದಲೇ ಕೆತ್ತಬೇಕಿತ್ತು. ಸುಮಾರು 1500 ಮಂದಿ ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು, ಜೊತೆಗೆ 5000 ಕೂಲಿಯಾಳುಗಳು ದುಡಿದರು. ಆ ಕೂಲಿಯಾಳುಗಳಲ್ಲಿ ಬಹಳಷ್ಟು ಜನ ಜೈಲಿನ ಕೈದಿಗಳು. ಈ ಚೆಂದದ ಹಿಂದೆ ಅವರ ಬೆವರೂ ಇದೆ ಅನ್ನೋದನ್ನ ನಾವು ಬಿಡಬಾರದು.

ಖರ್ಚು ಒಂದೂವರೆ ಕೋಟಿ ದಾಟಿತು. ಬಡ ರಾಜ್ಯಕ್ಕೆ ಇಷ್ಟು ಕೆತ್ತನೆ ಯಾಕೆ ಅಂತ ವಿರೋಧಿಗಳು ಕೇಳಿದ್ರು. ಅದು ಸುಳ್ಳು ಪ್ರಶ್ನೆ ಅಲ್ಲ. ಶಾಲೆ, ರಸ್ತೆ ಇಲ್ಲದ ಹಳ್ಳಿಗಳು ಆಗ ಬೇಕಾದಷ್ಟು ಇದ್ದವು. ಇನ್ನೊಂದು ಕಡೆ, ಕನ್ನಡ ನಾಡು ಒಂದಾಗಬೇಕು ಅಂತ ಅವರು ನಿಂತಿದ್ದಕ್ಕೆ ಹಳೇ ಮೈಸೂರಿನ ಅವರ ಸ್ವಂತ ಜನರಲ್ಲೇ ಅನೇಕರು ಸಿಟ್ಟಾಗಿದ್ದರು. 1956ರ ಆಗಸ್ಟ್‌ನಲ್ಲಿ ಪಕ್ಷದೊಳಗಿನ ಬೆಂಬಲ ಕಳೆದುಕೊಂಡು ಅವರು ರಾಜೀನಾಮೆ ಕೊಟ್ಟರು. ಅದೇ ವರ್ಷ ಕಟ್ಟಡ ಮುಗೀತು, ನವೆಂಬರ್ 1ಕ್ಕೆ ನಾಡು ಒಂದಾಯಿತು. ಎರಡಕ್ಕೂ ದುಡಿದವರು ಆ ಹೊತ್ತಿಗೆ ಕುರ್ಚಿಯಲ್ಲಿ ಇರಲಿಲ್ಲ. ಮೇಲಾಗಿ ಕಟ್ಟಡದ ಖರ್ಚಿನ ಬಗ್ಗೆ ವಿಚಾರಣೆಯನ್ನೂ ಎದುರಿಸಬೇಕಾಯಿತು.

ಆದರೂ ಅವರು ಸುಮ್ಮನೆ ಕೂರಲಿಲ್ಲ. 1962ರಿಂದ ಬೆಂಗಳೂರಿನಿಂದ ಲೋಕಸಭೆಗೆ ಹೋದರು, ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು, 1971–72ರಲ್ಲಿ ರೈಲ್ವೆ ಮಂತ್ರಿಯಾದರು. 1980ರ ಡಿಸೆಂಬರ್ 1ರಂದು ತೀರಿಕೊಂಡರು.

ಇವತ್ತು ವಿಧಾನಸೌಧದ ಒಂದು ಬಾಗಿಲಿಗೆ ಕೆಂಗಲ್ ಗೇಟ್ ಅಂತಾನೇ ಹೆಸರು. ಪಕ್ಕದಲ್ಲಿ 2005ರಲ್ಲಿ ವಿಕಾಸಸೌಧ ಕಟ್ಟಿದಾಗ ಅದರ ಮುಖವನ್ನ ವಿಧಾನಸೌಧಕ್ಕೆ ಹೊಂದೋ ಹಾಗೇ ಮಾಡಿದರು. ಅಂದು ಯಾವ ಲೈಬ್ರರಿಯಲ್ಲೂ ಇಲ್ಲದಿದ್ದ ಕಂಬ ಈಗ ನಮ್ಮ ಸರ್ಕಾರದ ಲೈಬ್ರರಿಯಲ್ಲಿ ಮೊದಲ ಐಟಂ. ಖರ್ಚಿನ ಪ್ರಶ್ನೆ ಈಗಲೂ ಹಾಗೇ ಇದೆ, ಅದನ್ನ ನಾವು ಪ್ರತಿ ಪ್ರಾಜೆಕ್ಟ್‌ನಲ್ಲೂ ಕೇಳ್ಕೋಬೇಕು. ಅದರ ಜೊತೆಗೇ, ಡಿಫಾಲ್ಟ್ ಬ್ಯಾಲಸ್ಟರ್ ಮೇಲೆ ಕ್ಲಿಕ್ ಮಾಡೋ ಮೊದಲು ನಮ್ಮ ಊರಿನ ಕಂಬ ಹೇಗಿತ್ತು ಅಂತ ಒಂದ್ಸಲ ಹೋಗಿ ನೋಡಿ, ಅಳತೆ ತಗೊಂಡು ಬರೋಣ.