ಆನೆಕಾಲು ರೋಗಕ್ಕೆ ಮದ್ದು ಕೊಟ್ಟ ಸುಬ್ಬರಾಯರು

ಆನೆಕಾಲು ರೋಗದವರನ್ನು ಕಾಣದ ಹಿರಿಯರು ನಮ್ಮ ಕರಾವಳಿಯಲ್ಲಿ ವಿರಳ. ಬಾತ ಕಾಲನ್ನು ಮುಂಡಿನಡಿ ಮರೆಮಾಡಿಕೊಂಡು ಮದುವೆ ಮುಂಜಿಗಳಿಂದ ದೂರ ಉಳಿದವರೆಷ್ಟೋ ಮಂದಿ. ಈ ರೋಗಕ್ಕೆ ಇಂದಿಗೂ ಕೊಡುವ ಗುಳಿಗೆಯ ಹಿಂದೆ ನಮ್ಮ ದೇಶದವರೇ ಆದ ವಿಜ್ಞಾನಿಯೊಬ್ಬರಿದ್ದಾರೆ. ಅವರೇ ಡಾ. ಯಲ್ಲಾಪ್ರಗಡ ಸುಬ್ಬರಾವ್.

1895ರ ಜನವರಿ 12ರಂದು ಭೀಮಾವರದ ಬಡ ತೆಲುಗು ಕುಟುಂಬದಲ್ಲಿ ಸುಬ್ಬರಾಯರು ಜನಿಸಿದರು. ಭೀಮಾವರ, ಕೊಯಮತ್ತೂರು, ನಮ್ಮ ಕಾಸರಗೋಡು ಎಲ್ಲವೂ ಅಂದು ಮದ್ರಾಸು ಪ್ರಾಂತ್ಯಕ್ಕೇ ಸೇರಿದ್ದವು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಸೋತು ಮೂರನೆಯ ಸಲ ಗೆದ್ದರು. ಮದ್ರಾಸು ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯ ಗೌನು ತೊಟ್ಟರು. ಆಂಗ್ಲ ಪ್ರಾಧ್ಯಾಪಕರು ಮುನಿದರು, ಎಂ.ಬಿ.ಬಿ.ಎಸ್. ಕೈತಪ್ಪಿ ಕೆಳದರ್ಜೆಯ ಎಲ್.ಎಂ.ಎಸ್. ಸಿಕ್ಕಿತು. ಮನೆಯಲ್ಲಿ ಇದಕ್ಕಿಂತಲೂ ದೊಡ್ಡ ಪೆಟ್ಟು ಬಿತ್ತು. ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಇಬ್ಬರು ಸಹೋದರರು ಬಲಿಯಾದರು.

ಮಾವನವರ ನೆರವಿನಿಂದ ಅಮೆರಿಕದ ಹಾರ್ವರ್ಡ್ ಸೇರಿದ ಸುಬ್ಬರಾಯರು ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಚಾಕರಿ ಮಾಡಿದರು. ರಕ್ತದಲ್ಲಿನ ರಂಜಕವನ್ನು ಅಳೆಯಲು 1925ರಲ್ಲಿ ಫಿಸ್ಕೆ ಅವರೊಡನೆ ರೂಪಿಸಿದ ವಿಧಾನ ಲೋಕಪ್ರಸಿದ್ಧವಾಯಿತು. ಆದರೂ ಅಲ್ಲಿ ಕಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಸಂಸ್ಥೆ ಸೇರಿದರು. ಸ್ಪ್ರೂ ರೋಗಕ್ಕೆ ಮದ್ದಾದ ಫೋಲಿಕ್ ಆಮ್ಲವನ್ನು ಅವರ ತಂಡ 1945ರಲ್ಲಿ ತಯಾರಿಸಿತು. ಸಹೋದರರ ಋಣ ತೀರಿದಂತಾಯಿತು.

ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ದ್ವೀಪಗಳಿಗೆ ಹೋದ ಅಮೆರಿಕದ ಸಾವಿರಾರು ಸೈನಿಕರಿಗೆ ಆನೆಕಾಲಿನ ಹುಳು ತಗಲಿತು. ಸುಬ್ಬರಾಯರ ಮಾರ್ಗದರ್ಶನದಲ್ಲಿ ಲೆಡರ್ಲೆಯ ತಂಡ ಹುಡುಕಾಟಕ್ಕಿಳಿದು, 1947ರಲ್ಲಿ ಹೆಟ್ರಜಾನ್ ಎಂಬ ಮದ್ದನ್ನು ಹೊರತಂದಿತು. ಇಂದು ನಾವು ಡಿ.ಇ.ಸಿ. ಎನ್ನುವುದು ಇದನ್ನೇ.

ಈ ಮದ್ದಿನ ರೀತಿಯೇ ವಿಚಿತ್ರ. ಗಾಜಿನ ನಳಿಗೆಯಲ್ಲಿ ಮರಿಹುಳುಗಳ ಮೇಲೆ ಸುರಿದರೆ ಅವು ಸುಲಭಕ್ಕೆ ಸಾಯವು. ದೇಹದೊಳಗೆ ಹೋದರೆ ಮಾತ್ರ ರಕ್ತದಿಂದ ಬೇಗನೆ ಮಾಯವಾಗುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅವು ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಸಿಕ್ಕಿಬಿದ್ದು ಅಲ್ಲಿನ ಕಾವಲು ಕಣಗಳಿಗೆ ಆಹಾರವಾದುದು ಕಂಡುಬಂತು. ಮದ್ದು ಕಳ್ಳನನ್ನು ಹಿಡಿದುಕೊಡುತ್ತದೆ, ಶಿಕ್ಷಿಸುವುದು ದೇಹವೇ.

ಇದೇ ದೇಹದ ಕಾವಲು ಒಮ್ಮೊಮ್ಮೆ ತನ್ನ ಮನೆಯನ್ನೇ ಕೆಡಿಸುವುದೂ ಉಂಟು. ಆಫ್ರಿಕದ ಹಲವೆಡೆ ಕಾಣುವ, ನೀರುಬಸವನಹುಳುವಿನ ಮೂಲಕ ಹರಡುವ ಷಿಸ್ಟೊಸೋಮ ಹುಳುವಿನ ಮೊಟ್ಟೆಗಳ ಮೇಲೆ ಕಾದಾಡಿ ಕಾದಾಡಿ ದೇಹವು ಯಕೃತ್ತನ್ನೇ ಗಾಯಗಟ್ಟಿಸುತ್ತದೆ. ಆನೆಕಾಲಿನಲ್ಲಿ ಹಾನಿ ದುಗ್ಧರಸ ನಾಳಗಳಿಗೆ. ಅಲ್ಲಿ ವರ್ಷಗಟ್ಟಲೆ ನೆಲೆಸುವ ಹುಳು ದೇಹದ ಕಾವಲನ್ನು ಮಂಕಾಗಿಸುತ್ತದೆ. ಆಗ ರೋಗಿ ಆರೋಗ್ಯವಂತನಂತೆಯೇ ಓಡಾಡುತ್ತಾನೆ. ಹುಳು ಸತ್ತಾಗ ಉರಿಯೂತವೆದ್ದು, ಮೇಲಿಂದ ಮೇಲೆ ಸೋಂಕು ತಗಲಿ, ನಾಳ ಗಟ್ಟಿಯಾಗಿ ಕಾಲು ಬಾಯುತ್ತದೆ. ಹಾಗೆ ಬಾತು ಗಟ್ಟಿಯಾದ ಕಾಲನ್ನು ಯಾವ ಗುಳಿಗೆಯೂ ಮೊದಲಿನಂತೆ ಮಾಡದು.

ಸುಬ್ಬರಾಯರು 1948ರ ಆಗಸ್ಟಿನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ತಾಯ್ನಾಡಿಗೆ ಮರಳಲೂ ಇಲ್ಲ, ಅಮೆರಿಕದ ಪ್ರಜೆಯಾಗಲೂ ಇಲ್ಲ. 1955ರಲ್ಲಿ ಭಾರತ ಸರಕಾರ ಆನೆಕಾಲು ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. 2004ರಿಂದ ರೋಗವಿರುವ ಜಿಲ್ಲೆಗಳಲ್ಲಿ ಮನೆಮನೆಗೆ ಡಿ.ಇ.ಸಿ. ಹಂಚುವ ಕ್ರಮ ಬಂತು.

ಆದರೆ ಹಂಚಿದ್ದೆಲ್ಲ ಹೊಟ್ಟೆಗೆ ಸೇರುವುದಿಲ್ಲ. ತನಗೇನೂ ಇಲ್ಲವಲ್ಲ ಎಂದು ಹಿತ್ತಲಿಗೆ ಎಸೆಯುವವರಿದ್ದಾರೆ. ಜ್ವರ ಬಂದೀತೆಂದು ಹೆದರುವವರಿದ್ದಾರೆ. ಆ ಜ್ವರ ಹೆಚ್ಚಾಗಿ ಒಳಗಿನ ಹುಳುಗಳು ಸಾಯುತ್ತಿರುವ ಲಕ್ಷಣ. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತೀವ್ರ ಕಾಯಿಲೆಯವರನ್ನು ಬಿಟ್ಟು ಉಳಿದವರು ನುಂಗಬೇಕಾದುದು ಕಾಲು ಬಾಯುವ ಮೊದಲೇ.

ಸುಬ್ಬರಾಯರ ಹೆಸರು ನಮಗೆ ಮರೆತಿರಬಹುದು. ಕೈಗೆ ಬಂದ ಗುಳಿಗೆಯನ್ನು ಎಸೆಯದಿದ್ದರೆ ಅಷ್ಟೇ ಸಾಕು, ಆ ಹಿರಿಯರಿಗೆ ನಾವು ಸಲ್ಲಿಸುವ ಗೌರವ.